ಮಂಗಳವಾರ ನಿಲ್ಲುವ ಗಾಡಿ

ನನ್ನ ಎಡಗಾಲು ಪೋಲಿಯೊ ಹಿಡಿದ ಕಾಲು. ಮನೆಯೊಳಗೆ, ಓಣಿಯೊಳಗೆ ನನ್ನ ಮಾತು ಕೇಳುತ್ತದೆ. ಊರು ದಾಟಿದರೆ ಕೇಳುವುದಿಲ್ಲ. ನಮ್ಮ ಹೊಲವೋ, ನಮ್ಮೂರು ಸೊರಟೂರು ದಾಟಿ ಎರೆಮಣ್ಣಿನ ದಾರಿಯಲ್ಲಿ ಎರಡೂವರೆ ಕಿಲೋಮೀಟರ್ ಆಚೆ ಇದೆ. ಅಪ್ಪ ಇರುವವರೆಗೆ ಚಕ್ಕಡಿಯಲ್ಲಿ ಅವನ ಬೆನ್ನ ಹಿಂದೆ ಕೂತು ಹೋಗುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ಎತ್ತುಗಳನ್ನೂ ಮಾರಿದೆವು. ಆಮೇಲೆ ಒಂದು ದಿನ ಬೆಟಗೇರಿಯಲ್ಲಿ ಮಗ್ಗ ಇಟ್ಟುಕೊಂಡಿರುವ ಅಣ್ಣ ಬಂದು ಕಟ್ಟೆಯ ಮೇಲೆ ಕೂತ.

“ತಂಗಿ, ಹೊಲಕ್ಕ ಹೋಗಾಕ ಆಗದಾಕಿ ಒಕ್ಕಲತನ ಹೆಂಗ ಮಾಡ್ತಿ? ಯಾರಿಗರ ಲಾವಣಿಗಿ ಹಾಕೂಣು, ಅವರು ಬಿತ್ತಿ ಬೆಳದು ವರ್ಷಕ್ಕ ಇಷ್ಟು ಅಂತ ರೊಕ್ಕಾ ಕೊಡ್ತಾರ. ನೀನು ಅವ್ವ ಮನ್ಯಾಗ ಆರಾಮ ಇರ್ರಿ.”

ಅಣ್ಣ ಕೆಟ್ಟವನಲ್ಲ, ನನಗೆ ಅದೇ ತೊಂದರೆ. ಕೆಟ್ಟವನಾಗಿದ್ದರೆ ಜಗಳ ಕಾಯಬಹುದಿತ್ತು. ಆ ಹೊಲ ಬಿಟ್ಟರೆ ನಾನು ಯಾರು ಎಂದು ಅವನಿಗೆ ಹೇಗೆ ಹೇಳುವುದು? ಹೊಲ ಇದ್ದರೆ ನಾನು ಹೊಲದಾಕಿ, ಇಲ್ಲದಿದ್ದರೆ ಬರೀ ಕುಂಟಿ. ಕಡಲೆ ಬಿತ್ತುವಷ್ಟರೊಳಗೆ ದಿನಾ ನಾನೇ ಹೋಗಿಬರುವ ದಾರಿ ಹುಡುಕುತ್ತೇನೆ, ಆಗದಿದ್ದರೆ ನೀನು ಹೇಳಿದಂತೆ ಆಗಲಿ ಎಂದು ಮಾತು ಕೊಟ್ಟೆ.

ಸ್ಕೂಟರಿಗೆ ಎರಡು ಗಾಲಿ ಸೇರಿಸಿಕೊಂಡು ನೋಡಿದ್ದೆ. ಎರೆಮಣ್ಣು ಅದನ್ನು ಒಂದೇ ಮಳೆಗೆ ನುಂಗಿತು. ಆಗ ಯಾರೋ ಹೇಳಿದರು, ಮುಂಡರಗಿಯ ಕಡೆ ಒಂದು ತೋಟದ ಮನೆಯಲ್ಲಿ, ಕೋಳಿ ಶೆಡ್ಡಿನ ಹಿಂದೆ, ಒಂದು ಎಟಿವಿ ಬಿದ್ದಿದೆ ಎಂದು. ನಾಲ್ಕು ಉಬ್ಬಿದ ಗಾಲಿ, ನಡುವೆ ಮೋಟಾರ್‌ಸೈಕಲ್ಲಿನಂಥ ಸೀಟು. ಶೋಕಿಗೆ ತಂದು, ಬೇಸರಾಗಿ ಬಿಟ್ಟಿದ್ದರು. ಗುಜರಿಯವನಿಗೆ ಕೊಡುವುದನ್ನು ನಮಗೆ ಕೊಟ್ಟರು. ಟಂಟಂನಲ್ಲಿ ಹೇರಿಕೊಂಡು ಶಿರಹಟ್ಟಿಯ ಒಬ್ಬ ಮಿಸ್ತ್ರಿಯ ಅಂಗಡಿಗೆ ಒಯ್ದೆ.

ಆತ ಒಂದು ಸುತ್ತು ಹಾಕಿ ನೋಡಿ ನಕ್ಕ. “ಅಕ್ಕಾರ, ಇದು ಆಡೂ ಸಾಮಾನ ಐತ್ರಿ. ಒಕ್ಕಲತನಕ್ಕ ಬರೂದಿಲ್ರಿ.”

“ಮೊದಲ ಚಾಲೂ ಮಾಡ್ರಿ. ಬರತೈತೋ ಇಲ್ಲೋ ನಾ ನೋಡ್ತೀನಿ.”

ಟ್ಯಾಂಕಿನಲ್ಲಿದ್ದ ಹಳೆಯ ಪೆಟ್ರೋಲು ವಾರ್ನಿಶ್‌ನಂತೆ ಗಟ್ಟಿಯಾಗಿ ನಾರುತ್ತಿತ್ತು. ಕಾರ್ಬೊರೇಟರಿನ ಸಣ್ಣ ತೂತುಗಳನ್ನು ಕ್ಲಚ್ ವಾಯರಿನ ಒಂದೇ ಎಳೆಯಿಂದ ಬಿಡಿಸಿದ. ಇಲಿ ಕಡಿದ ವಾಯರು ಬದಲಿಸಿದ, ಹೊಸ ಬ್ಯಾಟರಿ, ಹೊಸ ಪ್ಲಗ್ ಹಾಕಿದ. ನಾನು ಸ್ಟೂಲಿನ ಮೇಲೆ ಕೂತು ಪ್ರತಿಯೊಂದನ್ನೂ ಕೇಳುತ್ತಿದ್ದೆ. ಪಾಪ, ಆತನ ತಲೆ ತಿಂದುಬಿಟ್ಟೆ. ಮೂರನೆಯ ದಿನ ಅದು ಡುರ್ ಎಂದಿತು. ವೇಗ ಹೆಬ್ಬೆರಳಿನಲ್ಲಿ, ಬ್ರೇಕು ಎರಡೂ ಕೈಯಲ್ಲಿ, ಹಿಂದೆ ಮುಂದೆ ಮಾಡುವ ಗೇರೂ ಕೈಯಲ್ಲಿ. ಕಾಲಿಗೆ ಕೆಲಸವೇ ಇಲ್ಲ. ಅಂಗಡಿಯ ಮುಂದೆ ಎರಡು ಸುತ್ತು ಹೊಡೆದು ನಿಲ್ಲಿಸಿದಾಗ ನನಗೆ ಅಳು ಬಂತು. ಹೊಗೆ ಕಣ್ಣಿಗೆ ಹೋಯಿತು ಎಂದೆ.

ಅವ್ವ ಗಾಡಿಯನ್ನು ಎತ್ತು ಕಟ್ಟುತ್ತಿದ್ದ ಜಾಗದಲ್ಲೇ ನಿಲ್ಲಿಸಿಕೊಂಡಳು. ಎತ್ತಿನ ಕಾನೂನೇ ಇದಕ್ಕೂ ಬಂತು. ಸೋಮವಾರ ಬಸವಣ್ಣನ ದಿನ. ನಮ್ಮಲ್ಲಿ ಅವತ್ತು ಎತ್ತು ಹೂಡುವುದಿಲ್ಲ, ಮೈ ತೊಳೆದು ವಿಭೂತಿ ಹಚ್ಚಿ ಮೇವು ಹಾಕಿ ಬಿಡುತ್ತೇವೆ.

“ದುಡಿಯೂದಕ್ಕ ಒಂದ ದಿನ ಬಿಡುವು ಬ್ಯಾಡೇನ?” ಎಂದಳು ಅವ್ವ. ನನಗೂ ಅನುಕೂಲವೇ ಆಯಿತು. ಸೋಮವಾರ ಬೆಳಿಗ್ಗೆ ಚೈನಿಗೆ ಎಣ್ಣೆ ಬಿಡುವುದು, ಗಾಳಿ ಫಿಲ್ಟರಿನ ಸ್ಪಂಜು ಹಿಂಡಿ ಒಣಗಿಸುವುದು, ಪಾನಾ ಹಿಡಿದು ಬೋಲ್ಟು ಬಿಗಿಯುವುದು ನನ್ನ ಕೆಲಸ. ಅದಾದ ಮೇಲೆ ಅವ್ವನ ಪೂಜೆ.

ಮೊದಲ ಸಲ ಅದು ನಿಂತದ್ದು ಮಂಗಳವಾರ. ಹಳ್ಳ ಇಳಿದು ಏರುವಾಗ ಎಂಜಿನ್ ಎರಡು ಸಲ ಮುಕ್ಕರಿಸಿ ಸತ್ತುಹೋಯಿತು. ಸುತ್ತ ಯಾರೂ ಇಲ್ಲ, ನನ್ನಿಂದ ತಳ್ಳಲು ಆಗುವುದಿಲ್ಲ. ಹತ್ತು ನಿಮಿಷ ಬಿಟ್ಟು ಒತ್ತಿದರೆ ಚಾಲೂ ಆಯಿತು, ಸ್ವಲ್ಪ ದೂರ ಹೋಗಿ ಮತ್ತೆ ನಿಂತಿತು. ಬುಧವಾರವೂ ಅದೇ ಹಾಡು. ಸಂಜೆ ಕ್ಯಾನಿನಿಂದ ಪೆಟ್ರೋಲು ಹಾಕಿದೆ, ಗುರುವಾರದಿಂದ ಏನೂ ಆಗೇ ಇಲ್ಲವೆಂಬಂತೆ ಓಡಿತು. ಮುಂದಿನ ಮಂಗಳವಾರ ಮತ್ತೆ ಹಳ್ಳದಲ್ಲಿ ನಿಂತಿತು.

ಶಿರಹಟ್ಟಿಗೆ ಒಯ್ದರೆ ಅಲ್ಲಿ ನಿಲ್ಲುವುದೇ ಇಲ್ಲ. ಮಿಸ್ತ್ರಿ ಮೊದಲು ಮುಚ್ಚಳ ತೆಗೆದು ಪೆಟ್ರೋಲು ನೋಡುತ್ತಾನೆ, ಕಿವಿ ಇಟ್ಟು ಕೇಳುತ್ತಾನೆ, ಅದು ಗಡಿಯಾರದಂತೆ ನಡೆಯುತ್ತಿರುತ್ತದೆ. “ಅಕ್ಕಾರ, ಮುಚ್ಚಳ ತೆಗಿಯೂ ಮುಂದ ಬಟ್ಟಿಲೆ ಒರಸ್ರಿ. ಧೂಳ ಒಳಗ ಬೀಳತೈತಿ” ಎಂದಷ್ಟೇ ಹೇಳಿ ಕಳಿಸಿದ. ಲಕ್ಷ್ಮೇಶ್ವರದಿಂದ ಹೊಸ ಪೆಟ್ರೋಲ್ ಪೈಪು, ಹೊಸ ಫಿಲ್ಟರು ತಂದು ಹಾಕಿದೆ. ಮಂಗಳವಾರ ನಿಂತಿತು.

ಹಾಗಾದರೆ ಸೋಮವಾರ ನಾನೇ ಏನೋ ಕೆಡಿಸುತ್ತಿದ್ದೇನೆ ಎಂಬ ಭಯ ಹತ್ತಿತು. ಒಂದು ಸೋಮವಾರ ಪಾನಾ ಮುಟ್ಟಲೇ ಇಲ್ಲ, ಸುಮ್ಮನೆ ಅವ್ವನ ಪೂಜೆ ನೋಡುತ್ತ ಕೂತೆ. ಮರುದಿನ ಊರ ಅಗಸಿ ಬಾಗಿಲು ದಾಟುವುದರೊಳಗೇ ನಿಂತಿತು. ಊಟ ಸೇರುತ್ತಿರಲಿಲ್ಲ. ಗಾಡಿ ಸರಿ ಇದ್ದ ದಿನವೂ ಎಂಜಿನ್ನಿನ ಸದ್ದಿನಲ್ಲಿ ಕೆಮ್ಮು ಹುಡುಕುತ್ತ ಹೋಗುತ್ತಿದ್ದೆ. ಅವ್ವನ ಮುಂದೆ ಮಾತ್ರ “ಬರೇ ಸ್ವಲ್ಪ ನಿಂತಿತ್ತು” ಎನ್ನುತ್ತಿದ್ದೆ.

ಕಡಲೆ ಬಿತ್ತುವ ಹದ ಬಂತು. ಅಣ್ಣ ಫೋನ್ ಮಾಡಿದ. “ಕಳಸಾಪುರದಾಂವ ಒಬ್ಬಾಂವ ಲಾವಣಿ ಕೇಳಾಕತ್ತಾನ. ಮಂಗಳವಾರ ಕರಕೊಂಡ ಬರ್ತೀನಿ. ನೀ ಗಾಡಿ ಮ್ಯಾಲೆ ಹೊಲಕ್ಕ ಬಾ, ಅಲ್ಲೇ ಭೆಟ್ಟಿ ಆಗೂಣು. ಬಂದ್ಯೋ, ನಾ ಮತ್ತ ಲಾವಣಿ ಮಾತ ಎತ್ತೂದಿಲ್ಲ.”

ಗುರುವಾರ ಬಾ ಎನ್ನಲೂ ಬಾಯಿ ಬರಲಿಲ್ಲ. ಎಂದರೆ ಯಾಕೆ ಎಂದು ಕೇಳುತ್ತಾನೆ.

ಆ ಮಂಗಳವಾರ ಹೊತ್ತು ಮೂಡುವ ಮೊದಲೇ ಹೊರಟೆ, ನಿಂತು ನಿಂತು ಹೋದರೂ ಅವರಿಗಿಂತ ಮೊದಲು ಮುಟ್ಟಿದರೆ ಸಾಕೆಂದು. ಹಳ್ಳದ ಏರಿನಲ್ಲಿ ಅದು ಸತ್ತೇಹೋಯಿತು. ಹತ್ತು ನಿಮಿಷ ಕಾದರೂ ಏಳಲಿಲ್ಲ, ಮತ್ತೆ ಹತ್ತು ಕಾದರೂ ಇಲ್ಲ. ಬ್ಯಾಟರಿ ಸೋಲತೊಡಗಿತು. ಅಷ್ಟರಲ್ಲಿ ಊರ ಕಡೆಯಿಂದ ಮೋಟಾರ್‌ಸೈಕಲ್ಲಿನ ಸದ್ದು ಕೇಳಿಸಿತು. ಪೆಟ್ರೋಲೇ ಮುಗಿದಿರಬೇಕು, ದೇವರೇ ಹಾಗೇ ಆಗಿರಲಿ ಎಂದುಕೊಂಡು, ಒರೆಸುವುದನ್ನೂ ಮರೆತು ಮುಚ್ಚಳ ತಿರುಗಿಸಿದೆ.

ಸುಯ್ ಎಂದು ಟ್ಯಾಂಕು ಗಾಳಿ ಎಳೆದುಕೊಂಡಿತು. ಪೆಟ್ರೋಲು ಅರ್ಧಕ್ಕಿಂತ ಮೇಲಿತ್ತು.

ನನ್ನ ಬೆರಳುಗಳು ಬೆಳ್ಳಗಾಗಿದ್ದವು. ಮುಚ್ಚಳ ತಿರುವಿ ನೋಡಿದೆ. ಅದರ ನಡುವೆ ಸೂಜಿ ತೂರುವಷ್ಟು ತೂತು ಇರಬೇಕು, ಒಳಗೆ ಗಾಳಿ ಹೋಗಲು. ಅದರ ಮೇಲೆ ವಿಭೂತಿ ಬಿಲ್ಲೆಯಂತೆ ಗಟ್ಟಿಯಾಗಿ ಒಣಗಿತ್ತು. ಬುಧವಾರ ಪೆಟ್ರೋಲು ಹಾಕಲು ಮುಚ್ಚಳ ತೆಗೆದಾಗ ಅದು ಉದುರಿ ಗಾಡಿ ಓಡುತ್ತಿತ್ತು, ಸೋಮವಾರ ತೂತು ಮತ್ತೆ ಮುಚ್ಚುತ್ತಿತ್ತು. ಎತ್ತಿಗೆ ಹಣೆ ಇದ್ದಂತೆ ಗಾಡಿಗೂ ಒಂದು ಹಣೆ ಬೇಕಲ್ಲ, ಸೀಟಿನ ಮುಂದೆ ನಡುಮಧ್ಯ ಇದ್ದ ದುಂಡನೆಯ ಮುಚ್ಚಳವೇ ಅವ್ವನಿಗೆ ಹಣೆಯಾಗಿ ಕಂಡಿತ್ತು. ಎಣ್ಣೆ ಡಬ್ಬಿಗೆ ಒಂದೇ ತೂತು ಹೊಡೆದರೆ ಎಣ್ಣೆ ಇಳಿಯುವುದಿಲ್ಲ, ಎರಡು ಹೊಡೆಯಬೇಕು ಎಂದು ನನಗೆ ಕಲಿಸಿದವಳೇ ಅವಳು. ನಮ್ಮ ಮನೆಯಲ್ಲಿ ಬಾಗಿಲಿಗೆ, ಒರಳಿಗೆ, ಬೀಸುವ ಕಲ್ಲಿಗೆ ಎಲ್ಲದಕ್ಕೂ ವಿಭೂತಿ ಇರುತ್ತದೆ. ಕಂಡೂ ಕಂಡೂ ನನ್ನ ಕಣ್ಣಿಗೆ ಅದು ಕಾಣುವುದನ್ನೇ ಬಿಟ್ಟಿತ್ತು.

ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ತೂತು ಬಿಡಿಸಿದೆ. ಬ್ಯಾಟರಿಯ ಕೊನೆಯ ಜೀವದಲ್ಲಿ ಎಂಜಿನ್ ಹಿಡಿಯಿತು. ಅಣ್ಣನ ಗಾಡಿ ಹಳ್ಳಕ್ಕೆ ಇಳಿಯುವಾಗ ನಾನು ಏರು ಹತ್ತಿ ಮುಂದಿದ್ದೆ.

ಕಳಸಾಪುರದವನು ಬದುವಿನ ಮೇಲೆ ನಿಂತು ಹೊಲ ನೋಡಿದ. ಮಣ್ಣು ಹಿಡಿದು ಪುಡಿ ಮಾಡಿದ. ಆಮೇಲೆ ಅಣ್ಣನ ಕಡೆ ತಿರುಗಿದ. “ಇಷ್ಟು ಹಸನ ಇಟ್ಟಾರ. ನನ್ನ ಯಾಕ ಕರದ್ರಿ?” ಅಣ್ಣ ನನ್ನನ್ನು ನೋಡಿ, ಗಾಡಿಯನ್ನು ನೋಡಿ, “ಆತು ಬಿಡವಾ, ನೀನ ಬಿತ್ತು” ಎಂದ.

ಮುಂದಿನ ಸೋಮವಾರ ಅವ್ವ ವಿಭೂತಿ ಕಲಸಿ ತಂದಳು. ನಾನು ಅವಳ ಕೈ ಹಿಡಿದು ಮುಂದಿನ ದೀಪದ ಮೇಲೆ ಇಟ್ಟೆ.

“ಇದರ ಹಣಿ ಇಲ್ಲೈತಿ ಯವ್ವಾ.”

“ಮತ್ತ ಇಷ್ಟ ದಿನಾ ನಾ ಎಲ್ಲಿ ಹಚ್ಚಿದ್ನಿ?”

ಹೇಳಬಾರದೆಂದು ಗಟ್ಟಿ ಮಾಡಿಕೊಂಡಿದ್ದೆ. ಬಾಯಿ ತಡೆಯಲಿಲ್ಲ. “ಮೂಗಿಗೆ.”

ಅವಳು ಮುಚ್ಚಳ ನೋಡಿದಳು, ನನ್ನನ್ನು ನೋಡಿದಳು. ತಟ್ಟೆ ಕೆಳಗಿಟ್ಟು ಎತ್ತಿಗೆ ಮೇವು ಹಾಕುತ್ತಿದ್ದ ಖಾಲಿ ಗೋದಲಿಯ ಅಂಚಿಗೆ ಕೂತಳು. “ಅದು ನಿಂತಾಗೆಲ್ಲಾ ನಾ ಸ್ವಲ್ಪ ಜಾಸ್ತಿ ಹಚ್ಚಕೋತ ಬಂದ್ನಲ್ಲವಾ. ನಿನ್ನ ಹೊಲಾ ಹೋಗಬಾರದು ಅಂತ” ಎಂದಳು. ನಗಬೇಕೆಂದಿದ್ದ ನನಗೆ ನಗು ಬರಲಿಲ್ಲ.

ಆಮೇಲೆ ಎದ್ದು ಸೆರಗಿನ ತುದಿಯಿಂದ ಆ ಮುಚ್ಚಳವನ್ನು ಒರೆಸುತ್ತ ಕೇಳಿದಳು. “ಉಸರು ಕಟ್ಟಿತ್ತೇನ ಇದಕ್ಕ?”

“ಹೂಂ ಯವ್ವಾ.”

“ನನಗೂ ಕಟ್ಟಿತ್ತವಾ. ನೀ ಹೊಲದಿಂದ ತಿರುಗಿ ಬರೂ ತನಕ, ದಿನಾ.”