ದೊಡ್ಡಮ್ಮ ಕೊಟ್ಟ ನೀರು

"ಹಳೇಬೀಡಿನ ಕಲ್ಲಾನೆ ಎದ್ದು ಬಂದು ನೀರು ಕುಡಿದ ದಿನ ಇವನು ಡಿಗ್ರಿ ತಗೊಂಡಾನು" ಅಂದವರು ನನ್ನ ದೊಡ್ಡಪ್ಪ. ಹಾರನಹಳ್ಳಿ ಕಡೆಯ ನಮ್ಮೂರಿನಲ್ಲಿ, ಜಗಲಿ ತುಂಬ ಜನ ಕೂತಿದ್ದಾಗ, ನನ್ನಪ್ಪನ ಎದುರಿಗೇ ಅಂದಿದ್ದರು. ನಮ್ಮ ಮನೆತನದಲ್ಲಿ ಅದುವರೆಗೆ ಎಲ್ಲರದ್ದೂ ಹೆಬ್ಬೆಟ್ಟೇ. ಸಹಿ ಹಾಕಿದವರು ಒಬ್ಬರೂ ಇರಲಿಲ್ಲ. ಹಾಗಾಗಿ ಅವರ ಮಾತಿಗೆ ಆಧಾರವಿತ್ತು. ನಾನು ಮೈಸೂರಿನ ಹಾಸ್ಟೆಲ್ಲಿನಲ್ಲಿ ಹುರುಳಿ ಸಾರು ಉಂಡು, ಒಂದು ಸಲ ಫೇಲಾಗಿ, ಮತ್ತೆ ಕಟ್ಟಿ, ಬಿ.ಎಸ್ಸಿ. ಮುಗಿಸಿದೆ. ಆನೆ ಎದ್ದ ಸುದ್ದಿ ಬರಲಿಲ್ಲ.

ಹೆಲ್ತ್ ಇನ್ಸ್‌ಪೆಕ್ಟರ್ ತರಬೇತಿ ಮುಗಿಸಿ ಮೊದಲು ಕೆಲಸಕ್ಕೆ ಹೋದದ್ದು ಬೇಲೂರಿಗೆ. ಬಿಕ್ಕೋಡಿನ ಸುತ್ತಿನ ಕಾಫಿ ತೋಟಗಳಲ್ಲಿ ಕಾಲರಾ ಸೂಜಿ ಹಾಕುವುದು ಬಲು ಸಲೀಸು. ಮೇಸ್ತ್ರಿ ಒಂದು ಕೂಗು ಹಾಕಿದರೆ ಆಳುಗಳೆಲ್ಲ ತೋಳು ಮಡಿಸಿ ಸಾಲು ನಿಲ್ಲುತ್ತಿದ್ದರು. ಎಲ್ಲ ಊರೂ ಹೀಗೇ ಅಂದುಕೊಂಡುಬಿಟ್ಟೆ.

ಅರವತ್ತರ ದಶಕದ ಶುರುವಿನಲ್ಲಿ ನಮ್ಮದೇ ತಾಲ್ಲೂಕು ಅರಸೀಕೆರೆಗೆ ವರ್ಗವಾಯಿತು. ಆ ಬೇಸಿಗೆ, ನಮ್ಮೂರಿಗೆ ಎರಡು ಮೈಲಿ ಆಚೆಯ ಹಳ್ಳಿಯಲ್ಲಿ ವಾಂತಿಭೇದಿಗೆ ಇಬ್ಬರು ಹೋದರು ಅಂತ ವರ್ತಮಾನ ಬಂತು. ಕುರ್ಚಿಯಲ್ಲಿ ಕೂರಲಾಗಲಿಲ್ಲ. ಆ ಹಳ್ಳಿಯವರೂ ನಮ್ಮೂರವರೂ ಬಟ್ಟೆ ಒಗೆಯುವುದು, ದನ ತೊಳೆಯುವುದು ಒಂದೇ ಕೆರೆಯಲ್ಲಿ. ಕುಡಿಯುವುದಕ್ಕೆ ಮಾತ್ರ ನಮ್ಮೂರಿಗೆ ಬೇರೆ ಸೇದೋ ಬಾವಿ, ಅದೂ ಒಂದೇ. ಆ ಬಾವಿ ಕೆಡದಂತೆ ನೋಡಿಕೊಂಡರೆ ಊರು ಉಳಿದೀತು. ಬ್ಲೀಚಿಂಗ್ ಪೌಡರ್ ಡಬ್ಬ, ಸೂಜಿ ಪೆಟ್ಟಿಗೆ ಸೈಕಲ್ಲಿಗೆ ಕಟ್ಟಿ ತುಳಿದೆ.

ನನ್ನ ತಪ್ಪು ಇಲ್ಲೇ ಹೇಳಿಬಿಡುತ್ತೇನೆ. ಬಾವಿಯ ಅಗಲ, ನೀರಿನ ಆಳ ಅಳೆದು, ಲೆಕ್ಕ ಹಾಕಿ, ಸಂಜೆ ಕೊನೇ ಕೊಡ ಹೋದ ಮೇಲೆ ಪೌಡರ್ ಹಾಕಬೇಕು. ಬೆಳಗಾಗುವಷ್ಟರಲ್ಲಿ ವಾಸನೆ ಇಳಿದಿರುತ್ತದೆ. ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ್ದರು. ನಾನು ಹಾಕಿದ್ದು ಬೆಳಗ್ಗೆ, ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದಾಗ, ಕಣ್ಣಳತೆಯಲ್ಲಿ, ಮೇಲೆ ಇರಲಿ ಅಂತ ಒಂದು ಹಿಡಿ ಜಾಸ್ತಿ. ಹೆಬ್ಬೆಟ್ಟಿನ ಮನೆಯ ಹುಡುಗನ ವಿದ್ಯೆ ಊರಿಗೆ ಕಾಣಲಿ ಅನ್ನುವ ಆಸೆ.

"ಗಂಗಮ್ಮಂಗೇ ಔಸ್ತಿ ಹಾಕಾಕೆ ಬಂದವ್ನೆ ನೋಡ್ರವ್ವ!"

"ಮೂಗು ಕಿತ್ತೋಗ್ತೈತೆ ಕಣೇ. ಈ ನೀರಾಗೆ ಎಸರಿಟ್ರೆ ಮುದ್ದೆ ಯಾವನು ತಿಂತಾನೆ?"

ದೊಡ್ಡಪ್ಪ ಬಂದು ಒಂದು ಬಿಂದಿಗೆ ಮೂಸಿ ನೋಡಿ ನೆಲಕ್ಕೆ ಸುರಿದರು. "ಏನ್ಲಾ ಇದು? ಇದೇ ನೀರು ಕುಡ್ಕೊಂಡು ಇಷ್ಟುದ್ದ ಬೆಳೆದ್ಯಲ್ಲ, ಆಗ ಸತ್ತೋಗಿದ್ಯಾ?" ಜನ ನಕ್ಕರು. "ಕೆರೆಗೆ ಹೋಗ್ರವ್ವ ಎಲ್ಲ" ಅಂದರು. ಸೂಜಿಗೆ ಒಬ್ಬರೂ ತೋಳು ಕೊಡಲಿಲ್ಲ. ಕೊಡಗಳೆಲ್ಲ ಕೆರೆಯ ಕಡೆ ತಿರುಗಿದವು. ಎಲ್ಲರಿಗಿಂತ ಮುಂದೆ ನಮ್ಮ ದೊಡ್ಡಮ್ಮ. ಯಾವ ನೀರಿನಿಂದ ಊರನ್ನು ದೂರ ಇಡಬೇಕು ಅಂತ ಬಂದಿದ್ದೆನೋ ಆ ನೀರಿಗೇ ಊರನ್ನು ಓಡಿಸಿದ್ದೆ.

ಹಿಂದೆಯೇ ಅವರ ಮನೆಗೆ ಹೋದೆ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಒಂದು ಚೂರು ಬೆಲ್ಲ, ಒಂದು ಚೊಂಬು ನೀರು. ಅದನ್ನು ಬೇಡ ಅಂದರೆ ಮನೆಯನ್ನೇ ಬೇಡ ಅಂದ ಹಾಗೆ. ದೊಡ್ಡಮ್ಮ ಆಗಷ್ಟೇ ತಂದ ನೀರು ಸೋಸಿ ಮುಂದಿಟ್ಟಳು. "ಕುಡಿ ಮಗ, ಬಿಸಿಲಾಗೆ ಬಂದಿದೀಯ." ಹಾಸ್ಟೆಲ್ಲಿಗೆ ಹೋಗುವಾಗಲೆಲ್ಲ ಹುರಿಹಿಟ್ಟು ಕಟ್ಟಿಕೊಟ್ಟ ಕೈ ಅದು. ಬೆಲ್ಲ ಬಾಯಿಗೆ ಹಾಕಿಕೊಂಡೆ. ಚೊಂಬು ಮುಟ್ಟಲಿಲ್ಲ.

"ಕಾಯಿಸಿ ಕೊಡು ದೊಡ್ಡಮ್ಮ. ನೀವೂ ಕಾಯಿಸೇ ಕುಡೀರಿ."

"ಕಾಯಿಸ್ಬೇಕಂತೆ!" ದೊಡ್ಡಪ್ಪ ಜಗಲಿಯಿಂದಲೇ ಕೂಗಿದರು. "ಬಾಣಂತಿ ಏನ್ಲಾ ನೀನು?"

ದೊಡ್ಡಮ್ಮ ಚೊಂಬು ಎತ್ತಿಕೊಂಡು ಒಳಗೆ ಹೋದಳು. ದೊಡ್ಡಪ್ಪನ ಮಾತಿಗಿಂತ ಅದೇ ಚುಚ್ಚಿತು.

ಆಮೇಲಿನ ಮೂರು ದಿನ ಹೇಗೆ ಕಳೆದೆನೋ. ದಿನಾ ಸೈಕಲ್ ತುಳಿದು ಹೋಗುವುದು, ಮನೆ ಮನೆ ಬಾಗಿಲಲ್ಲಿ ನಿಲ್ಲುವುದು, ಬೈಸಿಕೊಳ್ಳುವುದು. ಬಾವಿಯ ವಾಸನೆ ಮಾರನೇ ದಿನಕ್ಕೇ ಇಳಿದಿತ್ತು, ಊರವರ ಅನುಮಾನ ಇಳಿದಿರಲಿಲ್ಲ. ದಾರಿಯಲ್ಲಿ ಯಾರಾದರೂ ಜೋರಾಗಿ ನಡೆದು ಬಂದರೆ ಸೈಕಲ್ ಇಳಿದು, ಯಾರಿಗೇನಾಯಿತು ಅಂತ ಕೇಳುವುದು.

ನಾಲ್ಕನೇ ದಿನ ಬೆಳಗ್ಗೆ ಅರ್ಧ ದಾರಿಯಲ್ಲೇ ದೊಡ್ಡಪ್ಪನ ಗಾಡಿ ಎದುರಾಯಿತು. ಎತ್ತುಗಳನ್ನು ಓಡಿಸಿಕೊಂಡು ಬರುತ್ತಿದ್ದರು. ಹುಲ್ಲಿನ ಮೇಲೆ ದೊಡ್ಡಮ್ಮ ಮಲಗಿದ್ದಳು. ಮಬ್ಬುಗತ್ತಲಿಂದ ವಾಂತಿ, ಭೇದಿ. ಕಣ್ಣು ಗುಳಿ ಬಿದ್ದಿತ್ತು, ಬೆರಳು ದಿನವಿಡೀ ನೀರಲ್ಲಿ ನೆನೆದಂತೆ ಸುಕ್ಕಾಗಿದ್ದವು. ಸೈಕಲ್ ಬೇಲಿಗೆ ಒರಗಿಸಿ ಗಾಡಿ ಹತ್ತಿದೆ.

ಅರಸೀಕೆರೆ ಆಸ್ಪತ್ರೆಯಲ್ಲಿ ಗ್ಲೂಕೋಸು, ಉಪ್ಪುನೀರಿನ ಬಾಟಲಿ ಏರಿಸಿದರು. ನಾನು ವರಾಂಡದಿಂದ ಗೇಟಿಗೆ, ಗೇಟಿನಿಂದ ವರಾಂಡಕ್ಕೆ ತಿರುಗುತ್ತಲೇ ಇದ್ದೆ. ದೊಡ್ಡಪ್ಪ ಹೊಂಗೆ ಮರದ ಕೆಳಗೆ ಟವೆಲ್ಲಿನಲ್ಲಿ ಮುಖ ಮುಚ್ಚಿ ಕೂತಿದ್ದರು.

"ಕೆರೆಗೆ ಕಳಿಸ್ದೋನು ನಾನೇ ಕಣ್ಲಾ."

"ಕಳಿಸೋ ಹಂಗೆ ಮಾಡಿದ್ದು ನಾನು, ದೊಡ್ಡಪ್ಪ" ಅಂದೆ. ಅಳತೆ ತಪ್ಪಿದ್ದು, ಹೊತ್ತು ತಪ್ಪಿದ್ದು, ಎಲ್ಲ ಹೇಳಿದೆ. ಬಯ್ಯುತ್ತಾರೆ ಅಂದುಕೊಂಡೆ. ಟವೆಲ್ ಸರಿಸಿ, ನನ್ನ ಕಡೆ ತಿರುಗಿ ಕೇಳಿಸಿಕೊಂಡರು.

ಮಧ್ಯಾಹ್ನ ಡಾಕ್ಟರು ಹೊರಗೆ ಬಂದು, "ಬೇಗ ಕರ್ಕೊಂಡು ಬಂದ್ರಿ, ಉಳ್ಕೋತಾರೆ" ಅಂದರು. ದೊಡ್ಡಪ್ಪ ಎದ್ದು ಟವೆಲ್ ಕೊಡವಿದರು. "ಬಾವಿ ಅಳೀಬೇಕು ಅಂದ್ಯಲ್ಲ, ನಡಿ. ಪ್ರತಿ ವರ್ಷ ಹೂಳು ಎತ್ಸೋನು ನಾನು. ಅದರ ಆಳ ನನ್ನ ಕೇಳ್ಬೇಕಿತ್ತು ನೀನು."

ಕೇಳಬೇಕಿತ್ತು, ನಿಜ.

ಅವತ್ತು ಸಂಜೆ ಅವರೇ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ನೆನೆದ ಹಗ್ಗವನ್ನು ಎರಡೂ ಕೈ ಚಾಚಿ ಅಳೆದರು. "ಮೂರು ಮಾರು ನೀರೈತೆ, ಬರ್ಕೋ." ಅವರ ಮಾರನ್ನು ಅಡಿಗೆ ಇಳಿಸಿ ಲೆಕ್ಕ ಹಾಕಿದೆ. ಬಂದದ್ದು ನಾನು ಮೊದಲು ಸುರಿದದ್ದರ ಅರ್ಧವೂ ಇಲ್ಲ. ಕೊನೇ ಕೊಡ ಹೋದ ಮೇಲೆ ಹಾಕಿದೆವು.

ಬೆಳಗ್ಗೆ ಊರೆಲ್ಲ ದೂರದಲ್ಲೇ ನಿಂತು ನೋಡುತ್ತಿತ್ತು. ಮೊದಲ ಬಿಂದಿಗೆ ಸೇದಿ ನಾನು ಕುಡಿದೆ. ಆಮೇಲೆ ದೊಡ್ಡಪ್ಪ ಬೊಗಸೆಯೊಡ್ಡಿ ಕುಡಿದು, ಬಾಯಿ ಚಪ್ಪರಿಸಿ, "ವಾಸ್ನೆ ಇಲ್ಲ ಕಣ್ರೋ, ಬರ್ರೋ" ಅಂತ ಕೂಗಿದರು. ಬಾವಿಕಟ್ಟೆಯ ಮೇಲೆ ಕೂತು ತೋಳು ಚಾಚಿದರು. "ಚುಚ್ಚು. ನಾನು ಮಾತ್ರ ಕಿರುಚಾಕಿಲ್ಲ." ಚುಚ್ಚಿದಾಗ ಸಣ್ಣಗೆ ಕಿರುಚಿದರು. ಹೆಂಗಸರು ನಕ್ಕರು. ನಗುತ್ತಲೇ ಸಾಲು ನಿಂತರು.

ಸೂಜಿ ಹಾಕಿಸಿಕೊಂಡ ಸರ್ಟಿಫಿಕೇಟ್ ಬರೆದು, ಸಹಿ ಮಾಡಿ, ಮೊದಲನೆಯದನ್ನು ದೊಡ್ಡಪ್ಪನ ಕೈಗೆ ಕೊಟ್ಟೆ. ಅದನ್ನು ಹಿಂದೆ ಮುಂದೆ ತಿರುಗಿಸಿದರು.

"ಇದ್ರಾಗೆ ಏನೈತೆ?"

"ಮೇಲೆ ನಿಮ್ಮ ಹೆಸರು, ಕೆಳಗೆ ನನ್ನದು."

ಎರಡೂ ಹೆಸರಿನ ಮೇಲೆ ಬೆರಳಾಡಿಸಿದರು. "ಕಲ್ಲಾನೆ ನೀರು ಕುಡೀತು ಬಿಡು" ಅಂದರು. "ಒಂದು ಚೊಂಬು ಸೇದ್ಕೊಳ್ಲಾ, ನಿಮ್ಮ ದೊಡ್ಡಮ್ಮಂಗೆ ತಗೊಂಡೋಗಣ. ಕಾಯಿಸ್ಕೊಂಡೇ ಹೋಗಣ. ಬೆಲ್ಲ ನಾನು ತತ್ತೀನಿ."