ಉರಿ ನಿಂತ ಕಾಲು

ಮೊನ್ನೆ ಅಂಗಡಿಯಲ್ಲಿ ಬಿ ವಿಟಮಿನ್ ಗುಳಿಗೆಯ ಬಾಟಲಿ ಕೈಜಾರಿ ಬಿದ್ದು ಒಡೆಯಿತು. ಆ ವಾಸನೆ ಇದೆಯಲ್ಲ, ಗಂಟಲಲ್ಲೇ ಕೂತುಬಿಡುವಂಥದ್ದು... ಗಾಜು ಗುಡಿಸುವುದು ಬಿಟ್ಟು ಸುಮ್ಮನೆ ನಿಂತೆ. ಇಳಕಲ್ಲಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನೇಕಾರ ಕಾಕಾ ನೆನಪಾದ.

ಕಾಕಾನದು ಕುಣಿ ಮಗ್ಗ. ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಬರಿಗಾಲಲ್ಲಿ ಹಲಗೆ ತುಳಿಯುತ್ತ ಸೀರೆ ನೇಯುತ್ತಿದ್ದ. ಮಗ್ಗವೆಂದರೆ ದೇವರು, ಅಲ್ಲಿ ಚಪ್ಪಲಿ ಸಲ್ಲದು. ಸಕ್ಕರೆ ಕಾಯಿಲೆ ಆ ಕಾಲಿಗೇ ಗಂಟುಬಿತ್ತು.

"ಅಂಗಾಲಾಗ ಕೆಂಡ ಇಟ್ಟಂಗ ಆಗತೈತೋ ತಮ್ಮಾ. ಏನರ ಕೊಡು. ಕಾಲು ಹೋದ್ರ ಮಗ್ಗ ಹೋದಂಗ" ಎಂದು ನನ್ನ ಮೆಡಿಕಲ್ ಅಂಗಡಿಗೆ ಬಂದ.

ನಾನೋ, ಹೊಸದಾಗಿ ಅಂಗಡಿ ತೆರೆದ ಹುರುಪಿನವ. ಎರಡು ಬಗೆಯ ಬಿ ವಿಟಮಿನ್, ಮೇಲೊಂದು ನರಕ್ಕೆ ಒಳ್ಳೆಯದೆನ್ನುವ ಕ್ಯಾಪ್ಸೂಲ್... ಮೂರನ್ನೂ ಕೂಡಿಸಿ ಪ್ರತಿ ತಿಂಗಳೂ ಕೊಟ್ಟೆ. ಡಾಕ್ಟರರನ್ನು ಕೇಳಲಿಲ್ಲ. ಅಲ್ಪ ವಿದ್ಯಾ ಮಹಾಗರ್ವಿ ಅಂತಾರಲ್ಲ, ಅದು ನಾನೇ!

ಕೆಲವು ತಿಂಗಳಾದ ಮೇಲೆ ಕಾಕಾ ಅಮೀನಗಡದ ಕರದಂಟು ಹಿಡಿದು ನಗುತ್ತ ಬಂದ. "ಉರಿ ಹೋತಲೇ! ಈಗ ಕಾಲಿಗೆ ಏನೂ ಗೊತ್ತಾಗಂಗಿಲ್ಲ. ಡಾಕ್ಟರಗಿಂತ ನೀನ ಶಾಣ್ಯಾ. ಇನ್ನ ದವಾಖಾನಿ ಯಾಕ, ಸಕ್ರಿ ಗುಳಿಗಿ ಯಾಕ?"

ಹೌದೌದು ಎಂದೆ. ಕರದಂಟು ತಿಂದೆ. ಏನೂ ಗೊತ್ತಾಗುವುದಿಲ್ಲ ಎಂದನಲ್ಲ, ಆ ಮಾತು ನನ್ನ ಕಿವಿಗೇ ಬೀಳಲಿಲ್ಲ.

ಒಂದು ಮುಂಜಾನೆ ಕಾಕಿ ಕುಣಿ ಗುಡಿಸಲು ಹೋದಾಗ ಹಲಗೆಯ ತುಂಬ ಒಣಗಿದ ರಕ್ತ. ಹಲಗೆಯ ಮೊಳೆ ಮೇಲೆದ್ದಿತ್ತು. ಎಷ್ಟು ದಿನ ಅದನ್ನೇ ತುಳಿದು ನೇಯ್ದಿದ್ದನೋ, ಕಾಕಾನಿಗೇ ತಿಳಿದಿರಲಿಲ್ಲ. ಬಾಗಲಕೋಟೆಗೆ ಒಯ್ಯುವಷ್ಟರಲ್ಲಿ ಅಂಗಾಲು ಕೊಳೆತಿತ್ತು, ಮೊಣಕಾಲ ಕೆಳಗೆ ತೆಗೆದರು. ಉರಿ ನಿಂತದ್ದು ಕಾಯಿಲೆ ವಾಸಿಯಾಗಿ ಅಲ್ಲ, ನರ ಸತ್ತು ಎಂದು ಅಲ್ಲಿನ ಡಾಕ್ಟರು ನನಗೆ ಬಿಡಿಸಿ ಹೇಳಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕಾಕಾ ಬೈಯಲಿಲ್ಲ. ಅರ್ಧ ನೇಯ್ದ ಸೀರೆಯ ಮುಂದೆ ಕೂತು, "ನೀ ಏನ ಮಾಡ್ತಿ ಬಿಡೋ, ಕೇಳಿದಾಂವ ನಾನ" ಎಂದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮುಂದಿನ ವರ್ಷ ಕಾಕಾ ಹೋಗಿಬಿಟ್ಟ... ಆ ಸೀರೆ ಯಾರು ಮುಗಿಸಿದರೋ ನಾನು ಕೇಳಲಿಲ್ಲ.

ಒಡೆದ ಗಾಜು ಇನ್ನೂ ನೆಲದ ಮೇಲಿತ್ತು. ಅಷ್ಟರಲ್ಲಿ ಒಬ್ಬರು ಬಂದು, "ಕಾಲಿನ ಉರಿ ಭಾಳ ಕಡಿಮಿ ಆಗೇತ್ರಿ, ಅದ ಗುಳಿಗಿ ಕೊಡ್ರಿ" ಎಂದರು.

"ಮೊದ್ಲ ಚಪ್ಪಲಿ ಬಿಚ್ರಿ, ಅಂಗಾಲು ತೋರಸ್ರಿ" ಎಂದೆ.

"ಗುಳಿಗಿ ಮಾರಾವ್ರಿಗೆ ಅಂಗಾಲು ಯಾಕ್ರಿ?" ಎಂದು ನಕ್ಕರು.

ಎಲ್ಲರೂ ನಗುತ್ತಾರೆ. ಈಗ ಎಲ್ಲರ ಅಂಗಾಲನ್ನೂ ನೋಡುತ್ತೇನೆ. ಅಷ್ಟು ತಿಂಗಳು ಗುಳಿಗೆ ಕೊಟ್ಟೆ, ಕಾಕಾನದನ್ನು ಒಂದು ದಿನವೂ ನೋಡಲಿಲ್ಲ.