ಅಚ್ಚುತನ ಕ್ಲಚ್ಚಿನ ಮರದ ತುಂಡು

ಅಜ್ಜಾವರದ ದೇವಮ್ಮಕ್ಕನಿಗೆ ಅಚ್ಚುತ ಒಬ್ಬನೇ ಮಗ. ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಅವನ ಎಡಗಾಲು ಗಿಡ್ಡವಾಗಿಯೇ ಉಳಿದಿತ್ತು. ಇವನೆಂತ ದುಡಿಯುತ್ತಾನೆ ಎಂದವರ ಎದುರಿಗೇ ಅವನು ಮಿಲಿಟರಿಯವರು ಓಡಿಸಿ ಬಿಟ್ಟ ಹಳೆಯ ಪಿಕಪ್ ವ್ಯಾನು ತಂದ. ಕಾಲು ಎಟುಕುವುದಿಲ್ಲವೆಂದು ಕ್ಲಚ್ಚಿನ ಪೆಡಲಿಗೆ ಹಲಸಿನ ಮರದ ದಪ್ಪ ತುಂಡೊಂದನ್ನು ಬಿಗಿದುಕೊಂಡ. ವರ್ಷಗಟ್ಟಲೆ ಊರವರ ಅಡಿಕೆಯನ್ನು ಪುತ್ತೂರಿಗೆ ಸಾಗಿಸಿದ. ಅರುವತ್ತೆರಡನೇ ಇಸವಿಯ ಮಳೆಗಾಲದಲ್ಲಿ ಟೈಫಾಯಿಡ್ ಬಂದು ತೀರಿಕೊಂಡ.

ವರ್ಷಾಂತದ ತಿಥಿ ಮುಗಿದ ಮೇಲೆ ಅವನ ತಂದೆ ಕುಕ್ಕಪ್ಪಣ್ಣ ವ್ಯಾನನ್ನು ಲಾರಿಗೆ ಕಟ್ಟಿ ಎಳೆಸಿ, ಕಬಕದ ಮೆಕ್ಯಾನಿಕ್ ಕುಂಞಿ ಮೋನುವಿನ ಗ್ಯಾರೇಜಿಗೆ ಒಯ್ದರು. ದೇವಮ್ಮಕ್ಕನೂ ಹಿಂದೆಯೇ ಹೋದರು.

"ಇದು ಎಣ್ಣೆ ಕುಡಿಯುದು ನೋಡಿದ್ರೆ ಹಿಂದೊಂದು ಗಾಣ ಕಟ್ಟಿಯೇ ಓಡಿಸ್ಬೇಕು ಮಾರಾಯ್ರೆ," ಎಂದ ಕುಂಞಿ ಮೋನು. "ಪಿಸ್ಟನ್ ರಿಂಗು ಹೋಗಿದೆ. ಬ್ರೇಕು ಉಂಟು ಅಂತ ಹೇಳ್ಲಿಕ್ಕೂ ಇಲ್ಲ."

"ಎಲ್ಲ ಹೊಸತು ಹಾಕು. ಮೇಲಿಗೊಂದು ಟಾರ್ಪಾಲೂ ಆಗ್ಲಿ. ನಿಂತಲ್ಲೇ ತುಕ್ಕು ಹಿಡಿದ್ರೆ ಮಗ ಮಾಡಿದ್ದೆಲ್ಲ ಮಣ್ಣು," ಎಂದರು ಕುಕ್ಕಪ್ಪಣ್ಣ.

"ಈ ಮರದ ತುಂಡು ತೆಗಿಯುದಲ್ವಾ?"

"ಅದನ್ನು ಮುಟ್ಬೇಡ," ಎಂದರು ದೇವಮ್ಮಕ್ಕ.

ಆ ತುಂಡಿನಲ್ಲಿ ಮಗನ ಪಾದ ಸವೆಸಿದ ಕುಳಿಯಿತ್ತು. ಮನೆಯಲ್ಲಿ ಅವನದೊಂದು ಫೋಟೋ ಕೂಡ ಇರಲಿಲ್ಲ. ಕುಂಞಿ ಮೋನು ತುಂಡನ್ನು ಬಿಟ್ಟು ಎಂಜಿನ್ನಿಗೆ ಕೈ ಹಾಕಿದ.

ರಿಂಗು, ಬ್ರೇಕು, ಟಾರ್ಪಾಲು ಎಲ್ಲ ಆಯಿತು. ಓಡಿಸಲು ಮೇದಪ್ಪ ಎಂಬ ಹುಡುಗ ಸಿಕ್ಕಿದ. ಉದ್ದ ಕಾಲಿನವನು. ಮರದ ತುಂಡಿನಿಂದ ಪೆಡಲು ಎತ್ತರವಾಗಿ ಅವನ ಮೊಣಕಾಲು ಸ್ಟಿಯರಿಂಗಿಗೆ ಬಡಿಯುತ್ತಿತ್ತು. ಪಾದ ಇಡೀ ದಾರಿ ಕ್ಲಚ್ಚಿನ ಮೇಲೆಯೇ ಒರಗಿ ಒಳಗಿನ ಪ್ಲೇಟು ಸವೆಯುತ್ತಿತ್ತು. ಒಂದು ದಿನ ಅಡಿಕೆ ಹೇರಿಕೊಂಡು ಏರು ಹತ್ತುವಾಗ ಕ್ಲಚ್ ಪ್ಲೇಟು ಸುಟ್ಟು ಹೊಗೆಯೆದ್ದು, ಬ್ರೇಕು ಒತ್ತುವಷ್ಟರಲ್ಲಿ ಗಾಡಿ ಹಿಂದಕ್ಕೆ ಜಾರಿತು. ರಸ್ತೆ ಬದಿಯ ಮಣ್ಣಿನ ದರೆಗೆ ತಾಗಿ ನಿಂತದ್ದರಿಂದ ಹುಡುಗ ಉಳಿದ.

ಪುನಃ ಕಬಕ. ಕುಂಞಿ ಮೋನು ಈ ಸಲ ತಮಾಷೆ ಮಾಡಲಿಲ್ಲ.

"ದೇವಮ್ಮಕ್ಕ, ಪ್ಲೇಟು ಎಷ್ಟು ಸಲ ಬೇಕಾದ್ರೂ ಹಾಕಿ ಕೊಡ್ತೇನೆ. ಆದ್ರೆ ಆ ಮೇದಪ್ಪನಿಗೂ ಒಬ್ಬಳು ಅಮ್ಮ ಉಂಟಲ್ಲ?"

ದೇವಮ್ಮಕ್ಕ ವ್ಯಾನಿನ ಬಾಗಿಲು ಹಿಡಿದುಕೊಂಡರು. "ಸುಬ್ರಾಯ ದೇವರೇ," ಎಂದರು. ಆಮೇಲೆ, "ತೆಗಿ," ಎಂದರು.

ಅವನು ಬೋಲ್ಟು ಬಿಚ್ಚಿ ತುಂಡನ್ನು ಹೊರಗೆ ತೆಗೆದ. ಹಿರಿಯರ ಕೈಗೆ ಕೊಡುವ ವಸ್ತುವೆಂದು ಚಿಂದಿಯಿಂದ ಚೆನ್ನಾಗಿ ಉಜ್ಜಿದ.

"ಒರಸ್ಬೇಡ ಮೋನು!"

ಅಷ್ಟರಲ್ಲಿ ಕುಳಿಯೊಳಗೆ ಗಟ್ಟಿ ಹಿಡಿದಿದ್ದ ಮಗನ ಕಾಲಿನ ಮಣ್ಣು ಹೋಗಿ ಬರಿಯ ಮರ ಕಂಡಿತ್ತು. ಅವನು ಚಿಂದಿಯನ್ನು ಕೆಳಗಿಟ್ಟ. "ನಿನ್ನ ತಪ್ಪಲ್ಲ," ಎಂದು ದೇವಮ್ಮಕ್ಕನೇ ಸಮಾಧಾನ ಹೇಳಿ ತುಂಡನ್ನು ಸೆರಗಿನಲ್ಲಿ ಸುತ್ತಿಕೊಂಡರು.

ಹೊಸ ಪ್ಲೇಟು ಹಾಕಿಸಿಕೊಂಡು ಹಿಂದಿರುಗುವಾಗ ದೇವಮ್ಮಕ್ಕ ಮುಂದಿನ ಸೀಟಿನಲ್ಲಿ ಕುಳಿತಿದ್ದರು. ಪುತ್ತೂರು ದಾಟುವವರೆಗೂ ಮೇದಪ್ಪನ ಎಡಗಾಲನ್ನೇ ನೋಡುತ್ತಿದ್ದರು.

"ಈ ಕ್ಲಚ್ಚು ತುಳಿಯುದು ಇಷ್ಟು ಸುಲಭವಾ, ಮಗಾ?"

"ಹೌದಮ್ಮ. ಸುಮ್ಮನೆ ಕಾಲು ಚಾಚಿದ್ರೆ ಸಾಕು."

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಮುಖವನ್ನು ರಸ್ತೆಯ ಕಡೆ ತಿರುಗಿಸಿದರು.